ಗಂಜಿ ಗಟ್ಟಿಯಾಗಲಿ, ಖಾರ ಆಮೇಲೆ ಬೀಳಲಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯವಳು. ಮೂರು ತಿಂಗಳಿಂದ ನಮ್ಮೂರ ಕೂಸಿನ ಮನೆಯಲ್ಲಿ, ಅಂದರೆ ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿ ಪಂಚಾಯಿತಿ ನಡೆಸುವ ಶಿಶುಪಾಲನಾ ಕೇಂದ್ರದಲ್ಲಿ, ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ನಾವು ಇಬ್ಬರಿದ್ದೇವೆ. ದಿನಾ ಹನ್ನೆರಡು ಮಕ್ಕಳು ಬರುತ್ತವೆ. ಅತಿ ಸಣ್ಣದಕ್ಕೆ ಎಂಟು ತಿಂಗಳು, ದೊಡ್ಡದಕ್ಕೆ ಮೂರು ವರ್ಷ. ನಮ್ಮ ಹತ್ತಿರ ಇರುವುದು ಒಂದೇ ಒಲೆ, ಒಂದು ಕುಕ್ಕರ್. ದೊಡ್ಡವಕ್ಕೆ ಅನ್ನ ಸಾರು, ಸಣ್ಣವಕ್ಕೆ ಗಂಜಿ ಮಾಡುತ್ತೇವೆ. ಗಂಜಿ ಕುಡಿದ ಅರ್ಧ ಗಂಟೆಗೆ ಮತ್ತೆ ಅಳುತ್ತವೆ. ಸಾರು ಖಾರ ಅಂತ ದೊಡ್ಡವೂ ತಿನ್ನುವುದಿಲ್ಲ. ಕೊನೆಗೆ ಬಿಸ್ಕತ್ತು ಕೊಟ್ಟು ಸುಮ್ಮನಾಗಿಸುತ್ತೇವೆ. ಬೇಸಿಗೆಯಲ್ಲಿ ಮಧ್ಯಾಹ್ನದ ಅಡುಗೆ ಸಂಜೆಗೆ ಹಳಸುತ್ತದೆ. ಹತ್ತು ತಿಂಗಳ ಒಂದು ಹೆಣ್ಣುಕೂಸಂತೂ ಬಾಯಿಯೇ ತೆರೆಯುವುದಿಲ್ಲ. ಒಂದೊಂದು ವಯಸ್ಸಿಗೂ ಬೇರೆ ಬೇರೆ ಅಡುಗೆ ಮಾಡಬೇಕಾ?

ಉತ್ತರ: ತಂಗಿ, ಬೇರೆ ಬೇರೆ ಅಡುಗೆ ಬೇಡ. ಒಂದೇ ಕುಕ್ಕರ್ ಸಾಕು. ನಿಮ್ಮ ಪತ್ರದಲ್ಲಿ ಎರಡು ಮಾತು ನನಗೆ ಎದ್ದು ಕಂಡವು. ಗಂಜಿ ಕುಡಿದ ಅರ್ಧ ಗಂಟೆಗೆ ಅಳು, ಆಮೇಲೆ ಸಾರಿನ ಖಾರ. ಮೊದಲನೆಯದಕ್ಕೆ ಗಂಜಿ ಗಟ್ಟಿಯಾಗಬೇಕು. ಎರಡನೆಯದಕ್ಕೆ ಖಾರ ಆಮೇಲೆ ಬೀಳಬೇಕು, ಅದೂ ನಿಮ್ಮಿಬ್ಬರ ಗಂಗಾಳಕ್ಕೆ ಮಾತ್ರ. ಇವೆರಡು ಸರಿಯಾದರೆ ಬಿಸ್ಕತ್ತಿನ ಕೆಲಸ ತಾನಾಗಿ ಕಡಿಮೆಯಾಗುತ್ತದೆ.

ಮೊದಲು ಗಂಜಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಾನು ಕೊಪ್ಪಳ, ರಾಯಚೂರು ಕಡೆ ನೋಡಿದ ಎಷ್ಟೋ ಶಿಶುಪಾಲನಾ ಕೇಂದ್ರಗಳಲ್ಲಿ ತೊಂದರೆಯ ಬೇರು ಇದೇ. ಸಣ್ಣ ಕೂಸಿಗೆ ಗಟ್ಟಿ ಊಟ ಜೀರ್ಣ ಆಗುವುದಿಲ್ಲ ಅಂತ ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ. ಅದಕ್ಕೆ ಒಂದು ಹಿಡಿ ಅಕ್ಕಿಗೆ ಚರಿಗೆಗಟ್ಟಲೆ ನೀರು ಹಾಕಿ ತಿಳಿ ಗಂಜಿ ಮಾಡುತ್ತಾರೆ. ಆ ಗಂಜಿಯ ಒಂದು ವಾಟಿಯಲ್ಲಿ, ಅಂದರೆ 200 ಮಿಲಿಲೀಟರಿನಲ್ಲಿ, ಅಕ್ಕಿ ಇರುವುದು 15 ಗ್ರಾಂ ಆಸುಪಾಸು. ಅದರಿಂದ ಕೂಸಿಗೆ ಸಿಗುವುದು ಸುಮಾರು 50 ಕ್ಯಾಲೊರಿ. ಅದೇ ವಾಟಿಯಲ್ಲಿ ಬೇಳೆ ಹಾಕಿ ಗಟ್ಟಿಯಾಗಿ ಬೇಯಿಸಿದ ನುಚ್ಚು, ಮೇಲೆ ಒಂದು ಚಮಚ ಎಣ್ಣೆ ಇದ್ದರೆ 150 ಕ್ಯಾಲೊರಿ ದಾಟುತ್ತದೆ. ವಾಟಿ ಅದೇ, ಹೊಟ್ಟೆ ಅದೇ. ಸಿಗುವುದು ಮಾತ್ರ ಮೂರು ಪಟ್ಟು.

ಕೂಸಿನ ಹೊಟ್ಟೆ ಎಷ್ಟು ಸಣ್ಣದು ಗೊತ್ತಾ? ಒಂದು ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್ ಅಂತ ಲೆಕ್ಕ. ಎಂಟು ಕಿಲೋ ಕೂಸಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಒಂದು ವಾಟಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಆ ಜಾಗವನ್ನು ನೀರಿನಿಂದ ತುಂಬಿಸಿದರೆ ಹೊಟ್ಟೆ ಉಬ್ಬುತ್ತದೆ, ಕೂಸು ಬಾಯಿ ಮುಚ್ಚುತ್ತದೆ. ನಾವು ಹೊಟ್ಟೆ ತುಂಬಿತು ಅಂದುಕೊಳ್ಳುತ್ತೇವೆ. ಅರ್ಧ ಗಂಟೆಗೆ ಆ ನೀರು ಇಳಿದುಹೋಗುತ್ತದೆ. ನಿಮ್ಮ ಮಕ್ಕಳು ಹಟಕ್ಕೆ ಅಳುತ್ತಿಲ್ಲ ತಂಗಿ, ನಿಜವಾಗಿ ಹಸಿದು ಅಳುತ್ತಿವೆ.

ಗಟ್ಟಿ ಅಂದರೆ ಎಷ್ಟು? ಚಮಚದಲ್ಲಿ ತೆಗೆದು ವಾರೆ ಮಾಡಿ ನೋಡಿ. ತಕ್ಷಣ ಸುರಿದರೆ ಅದು ತೆಳು. ಚಮಚಕ್ಕೆ ಅಂಟಿಕೊಂಡು ನಿಧಾನಕ್ಕೆ ಜಾರಬೇಕು. ಆರು ತಿಂಗಳು ತುಂಬಿದ ಯಾವ ಕೂಸಾದರೂ ಇದನ್ನು ನುಂಗುತ್ತದೆ. ನುಣ್ಣಗೆ ಮಸೆದಿರಬೇಕು, ಗಂಟು ಇರಬಾರದು, ಅಷ್ಟು ಸಾಕು. ಒಂಬತ್ತು ತಿಂಗಳಿಂದ ಸ್ವಲ್ಪ ತರಿ ಬಿಡಿ, ಅಗಿಯುವುದನ್ನು ಕಲಿಯುತ್ತದೆ. ವರ್ಷ ತುಂಬಿದ ಮೇಲೆ ಮನೆಯವರು ತಿನ್ನುವುದನ್ನೇ ಮೆತ್ತಗೆ ಮಾಡಿ ಕೊಟ್ಟರಾಯಿತು.

ಈಗ ಕುಕ್ಕರ್ ವಿಷಯ. ಹನ್ನೆರಡು ಮಕ್ಕಳ ಒಂದು ಹೊತ್ತಿನ ಊಟಕ್ಕೆ 400 ಗ್ರಾಂ ಜೋಳದ ನುಚ್ಚು, 150 ಗ್ರಾಂ ಹೆಸರುಬೇಳೆ ತೆಗೆದುಕೊಳ್ಳಿ. ನಿಮ್ಮದು ಕಾಲುವೆ ನೀರಿನ ಊರಾದರೆ ಮನೆಮನೆಯಲ್ಲಿ ಅಕ್ಕಿ ಇರುತ್ತದೆ, ನುಚ್ಚಕ್ಕಿಯಲ್ಲೂ ಮಾಡಬಹುದು. ವಾರದಲ್ಲಿ ಎರಡು ದಿನ ಬದಲಿಸಿ. ಆದರೆ ಜೋಳವನ್ನು ಪೂರ್ತಿ ಬಿಡಬೇಡಿ, ಅದು ನಮ್ಮ ನೆಲದ ಕಾಳು. ಜೋಳದ ನುಚ್ಚನ್ನು ಬೆಳಿಗ್ಗೆ ಬಂದ ಕೂಡಲೇ ನೆನೆ ಹಾಕಿ. ನೆನೆಯದ ನುಚ್ಚು ಎಷ್ಟು ಸೀಟಿ ಹೊಡೆಸಿದರೂ ಒಳಗೆ ಬಿರುಸಾಗೇ ಉಳಿಯುತ್ತದೆ. ಜೊತೆಗೆ 300 ಗ್ರಾಂ ತರಕಾರಿ. ಕುಂಬಳಕಾಯಿ, ಗಜ್ಜರಿ, ಗೆಣಸು, ಮೆಂತ್ಯೆ, ಪಾಲಕ್, ನುಗ್ಗೆಸೊಪ್ಪು, ಅವತ್ತು ಸಿಕ್ಕಿದ್ದನ್ನು ಸಣ್ಣಗೆ ಹೆಚ್ಚಿ ಹಾಕಿ. ಚಿಟಿಕೆ ಅರಿಷಿಣ. ನುಚ್ಚು ಬೇಳೆ ಸೇರಿ ಒಂದು ಅಳತೆ ಇದ್ದರೆ ನೀರು ಮೂರೂವರೆ ಅಳತೆ. ನುಚ್ಚು ಉಕ್ಕಿ ಸೀಟಿಗೆ ಅಡ್ಡ ಬರುತ್ತದೆ, ಹಾಗಾಗಿ ಕುಕ್ಕರನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಸಣ್ಣ ಕುಕ್ಕರ್ ಆದರೆ ಎರಡು ಸಲ ಇಡಿ. ಐದಾರು ಸೀಟಿ ಆಗಲಿ.

ಮುಚ್ಚಳ ತೆಗೆದಾಗ ಅದರಲ್ಲಿ ಉಪ್ಪೂ ಇರಬಾರದು, ಖಾರವೂ ಇರಬಾರದು. ಇದೇ ಮುಖ್ಯ. ಮೊದಲು ವರ್ಷದೊಳಗಿನ ಕೂಸುಗಳ ಪಾಲು ಬೇರೆ ಪಾತ್ರೆಗೆ ತೆಗೆಯಿರಿ. ಸೌಟಿನ ಬೆನ್ನಿಂದ ಚೆನ್ನಾಗಿ ಮಸೆದು, ಒಂದೊಂದು ವಾಟಿಗೆ ಒಂದೊಂದು ಸಣ್ಣ ಚಮಚ ತುಪ್ಪವನ್ನೋ ಎಣ್ಣೆಯನ್ನೋ ಬೆರೆಸಿ. ಅವಕ್ಕೆ ಉಪ್ಪು ಬೇಡವೇ ಬೇಡ, ಆ ವಯಸ್ಸಿನ ಮೂತ್ರಪಿಂಡಕ್ಕೆ ಅದು ಭಾರ. ನಮಗೆ ಸಪ್ಪೆ ಅನ್ನಿಸಿದರೂ ಕೂಸಿಗೆ ಅನ್ನಿಸುವುದಿಲ್ಲ, ಅದಿನ್ನೂ ಉಪ್ಪಿನ ರುಚಿ ಕಂಡಿಲ್ಲ. ಉಳಿದದ್ದಕ್ಕೆ ಸ್ವಲ್ಪ ಉಪ್ಪು ಹಾಕಿ, ಎಣ್ಣೆಯಲ್ಲಿ ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯ ಒಗ್ಗರಣೆ ಕೊಡಿ. ಮೇಲೆ ಕೊತ್ತಂಬರಿ. ಮೆಣಸಿನಕಾಯಿ ಇಲ್ಲದೆ ಒಗ್ಗರಣೆ ಹೇಗೆ ಅಂತ ಕೇಳಬೇಡಿ, ಜೀರಿಗೆ ಬಳ್ಳೊಳ್ಳಿಯ ಘಮಕ್ಕೆ ಮಕ್ಕಳು ತಾವಾಗಿ ಬಂದು ಕೂರುತ್ತವೆ. ನೀವಿಬ್ಬರೂ ಅದೇ ಉಂಡು, ಮೇಲೆ ಹಸಿಖಾರವೋ ಶೇಂಗಾ ಹಿಂಡಿಯೋ ಹಾಕಿಕೊಳ್ಳಿ.

ಮೊದಮೊದಲು ನಾನೂ ತರಬೇತಿಯಲ್ಲಿ ಸಣ್ಣವರಿಗೆ ಬೇರೆ, ದೊಡ್ಡವರಿಗೆ ಬೇರೆ ಅಂತ ಎರಡು ಪಟ್ಟಿ ಕೊಡುತ್ತಿದ್ದೆ. ಒಮ್ಮೆ ಕುಷ್ಟಗಿ ಕಡೆಯ ಒಂದು ಕೇಂದ್ರದಲ್ಲಿ ಇಡೀ ದಿನ ಕುಳಿತು ನೋಡಿದೆ. ಒಂದು ಒಲೆಯ ಮೇಲೆ ಎರಡು ಅಡುಗೆ ಮುಗಿಯುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ಅಷ್ಟೊತ್ತಿಗೆ ಮಕ್ಕಳು ಹಸಿದು, ಅತ್ತು, ನಿದ್ದೆ ಹೋಗಿದ್ದವು. ಆ ಪಟ್ಟಿಯನ್ನು ನಾನು ಅವತ್ತೇ ಕೈಬಿಟ್ಟೆ.

ಎಷ್ಟು ಕೊಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಳತೆಗೆ, ಮೇಲಿನ ಲೆಕ್ಕದ ವಾಟಿಗಿಂತ ಸ್ವಲ್ಪ ದೊಡ್ಡದು, 250 ಮಿಲಿಲೀಟರಿನ ಒಂದು ವಾಟಿ ಇಟ್ಟುಕೊಳ್ಳಿ. ಎಂಟು ತಿಂಗಳ ಕೂಸಿಗೆ ಒಂದು ಹೊತ್ತಿಗೆ ಎರಡು ಮೂರು ಚಮಚದಿಂದ ಶುರುಮಾಡಿ ಅರ್ಧ ವಾಟಿಗೆ ತನ್ನಿ. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಅರ್ಧ ವಾಟಿ. ವರ್ಷ ದಾಟಿದರೆ ಮುಕ್ಕಾಲಿನಿಂದ ಪೂರ್ತಿ ವಾಟಿ. ಒಂಬತ್ತು ತಿಂಗಳಾದ ಮೇಲೆ ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಲ ಸಣ್ಣ ತಿಂಡಿ ಬೇಕು. ಎಲ್ಲವೂ ನಿಮ್ಮ ಮೇಲೆ ಬೀಳುವುದಿಲ್ಲ, ಬೆಳಿಗ್ಗೆ ರಾತ್ರಿ ಮನೆಯಲ್ಲಿ ಆಗುತ್ತದೆ. ನಿಮ್ಮ ಪಾಲಿಗೆ ಬರುವುದು ಮಧ್ಯಾಹ್ನದ ಊಟ, ಅದರ ಹಿಂದೆ ಮುಂದೆ ಒಂದೊಂದು ತಿಂಡಿ. ಎದೆಹಾಲು ಎರಡು ವರ್ಷದವರೆಗೂ, ಆಮೇಲೂ ಮುಂದುವರಿಯಲಿ. ಕೆಲಸದ ಜಾಗ ಹತ್ತಿರವಿದ್ದರೆ ತಾಯಿ ಊಟದ ಹೊತ್ತಿಗೆ ಬಂದು ಹಾಲು ಕೊಟ್ಟು ಹೋಗುವ ಹಾಗೆ, ಅಲ್ಲಿ ಕೂಲಿಯವರ ಕೆಲಸ ನೋಡಿಕೊಳ್ಳುವ ಮೇಟಿಯ ಹತ್ತಿರ ಮಾತಾಡಿ. ಇದು ಅವರು ತೋರುವ ದಯೆ ಅಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಸಣ್ಣ ಮಕ್ಕಳು ಬಂದರೆ ಅವನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು ಅಂತ ಬರೆದಿತ್ತು. ದುಡಿಯುವ ತಾಯಿಯ ಕೂಸಿನ ಹೊಣೆ ತಾಯಿಯೊಬ್ಬಳದೇ ಅಲ್ಲ ಅನ್ನುವುದನ್ನು ಒಪ್ಪಿಕೊಂಡೇ ಅದನ್ನು ಬರೆದದ್ದು.

ಗಟ್ಟಿ ಗಂಜಿಯನ್ನು ಕೆಲವು ಕೂಸುಗಳು ನಿಜವಾಗಿ ನುಂಗಲಾರವು. ಜ್ವರ ಬಿಟ್ಟವು, ತೀರಾ ಸೊರಗಿದವು. ಅವಕ್ಕೆ ನೀರು ಸೇರಿಸಬೇಡಿ. ಮೊಳಕೆ ರಾಗಿಹಿಟ್ಟು ಮಾಡಿಟ್ಟುಕೊಳ್ಳಿ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಬಿಸಿಲಲ್ಲಿ ಗರಿಗರಿ ಒಣಗಿಸಿ, ಮೊಳಕೆ ತಿಕ್ಕಿ ತೆಗೆದು ಬೀಸಿಸಿ. ಜಾಸ್ತಿ ಹುರಿಯಬೇಡಿ. ಬೆಂದ ಗಟ್ಟಿ ಗಂಜಿ ಉಗುರುಬೆಚ್ಚಗಾದಾಗ ಒಂದು ಚಮಚ ಈ ಹಿಟ್ಟು ಬೆರೆಸಿ ಐದು ಹತ್ತು ನಿಮಿಷ ಬಿಡಿ. ಕಣ್ಣೆದುರೇ ಗಂಜಿ ಸಡಿಲವಾಗುತ್ತದೆ. ಮೊಳಕೆಯಲ್ಲಿರುವ ಒಂದು ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಅದಕ್ಕೆ. ಕಾಳು ಅಷ್ಟೇ ಇರುತ್ತದೆ, ನುಂಗುವುದು ಮಾತ್ರ ಸುಲಭ. ಸಡಿಲವಾದ ಮೇಲೆ ಒಂದು ಕುದಿ ಕುದಿಸಿ, ಆರಿಸಿ ತಿನ್ನಿಸಿ. ಕುದಿಯುವ ಗಂಜಿಗೇ ಹಿಟ್ಟು ಹಾಕಿದರೆ ಕಿಣ್ವ ಸತ್ತುಹೋಗುತ್ತದೆ, ಏನೂ ಆಗುವುದಿಲ್ಲ.

ಇದನ್ನು ಜೋಳದಲ್ಲಿ ಮಾಡಬೇಡಿ. ಎಳೆ ಜೋಳದ ಬೆಳೆ ಮೇಯ್ದು ದನ ಬಿದ್ದದ್ದನ್ನು ನಿಮ್ಮೂರ ಹಿರಿಯರು ಕಂಡಿರುತ್ತಾರೆ. ಜೋಳದ ಎಳೆ ಮೊಳಕೆಯಲ್ಲಿ ಸಯನೈಡ್ ವಿಷ ಹುಟ್ಟಿಸುವ ಒಂದು ವಸ್ತು ಇರುತ್ತದೆ. ಒಣ ಜೋಳದ ನುಚ್ಚು, ರೊಟ್ಟಿಯಲ್ಲಿ ಆ ಭಯ ಇಲ್ಲ. ಮೊಳಕೆಗೆ ಮಾತ್ರ ರಾಗಿಯೇ ಇರಲಿ.

ನುಚ್ಚು, ಬೇಳೆ, ಎಣ್ಣೆಯಿಂದ ಹೊಟ್ಟೆ ತುಂಬಿತು. ರಕ್ತ? 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಕಂಡಿತು. ಆ ಲೆಕ್ಕ ಹಿಡಿದರೆ ನಿಮ್ಮ ಹನ್ನೆರಡರಲ್ಲಿ ಏಳೆಂಟು ಮಕ್ಕಳು. ಸೊಪ್ಪು ಬೇಳೆಯಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಹುಳಿ ಬೇಕು. ಅನ್ನ ನುಚ್ಚಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಪುಂಡಿಪಲ್ಯ ಮಾಡುವ ದಿನ ಕಬ್ಬಿಣದ ಬಾಣಲಿಯಲ್ಲಿ ಬೇಯಿಸಿ, ಅದರ ಹುಳಿಗೆ ಬಾಣಲಿಯ ಕಬ್ಬಿಣ ಸ್ವಲ್ಪ ಬಿಟ್ಟುಕೊಳ್ಳುತ್ತದೆ. ಬೆಂದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ. ಚಹಾ ಮಾತ್ರ ಬೇಡ. ಕೂಸಿಗೆ ಬಸಿಯಲ್ಲಿ ಚಹಾ ಆರಿಸಿ ಕುಡಿಸುವ ರೂಢಿ ನಮ್ಮ ಕಡೆ ಜಾಸ್ತಿ. ಅದು ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ತಡೆಯುತ್ತದೆ. ಬೆಲ್ಲದಲ್ಲಿ ರಕ್ತ ಇದೆ ಅಂತ ಯಾರಾದರೂ ಹೇಳಿದರೆ ನಂಬಿ ಸುರಿಯಬೇಡಿ. ಅದರಲ್ಲಿರುವ ಕಬ್ಬಿಣ ಅಷ್ಟಕ್ಕಷ್ಟೇ, ಸಿಹಿಯೇ ಜಾಸ್ತಿ. ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಎರಡೂ ಇಲ್ಲದೆ ನಡೆಯಲಿ. ಜೇನುತುಪ್ಪವನ್ನು ವರ್ಷದೊಳಗೆ ನಾಲಿಗೆಗೂ ಮುಟ್ಟಿಸಬೇಡಿ, ಅದರಿಂದ ಕೂಸಿನ ಜೀವಕ್ಕೇ ಅಪಾಯ ಬರಬಹುದು.

ತತ್ತಿ ಸಿಗುವಂತಿದ್ದರೆ ಅದಕ್ಕಿಂತ ಒಳ್ಳೆಯದು ನಿಮ್ಮ ಅಡುಗೆಮನೆಯಲ್ಲಿ ಬೇರೆ ಇಲ್ಲ. 2021ರ ಕೊನೆಯಲ್ಲಿ ನಮ್ಮ ಕಡೆಯ ಜಿಲ್ಲೆಗಳ ಶಾಲೆಗಳಲ್ಲಿ ತತ್ತಿ ಕೊಡಲು ಶುರುಮಾಡಿದಾಗ ಎಷ್ಟು ವಾದ ನಡೆಯಿತು, ನೆನಪಿದೆ ಅಲ್ವಾ? ಮಕ್ಕಳು ಮಾತ್ರ ತಿಂದು ಖಾಲಿ ಮಾಡಿದರು. ಚೆನ್ನಾಗಿ, ಹನ್ನೆರಡು ನಿಮಿಷ ಕುದಿಸಿ. ಸಣ್ಣವಕ್ಕೆ ಪುಡಿಮಾಡಿ ನುಚ್ಚಿಗೆ ಬೆರೆಸಿ. ಮೊದಲ ಸಲ ಅರ್ಧ ಚಮಚ ಕೊಟ್ಟು ಮೈಮೇಲೆ ಗಂದೆ ಏಳುತ್ತದಾ ಅಂತ ನೋಡಿ. ತತ್ತಿ ತಿನ್ನದ ಮನೆಯ ಮಕ್ಕಳಿದ್ದರೆ ತಾಯಿಯನ್ನು ಕೇಳದೆ ಕೊಡಬೇಡಿ. ಅವಕ್ಕೆ ಹುರಿದ ಶೇಂಗಾದ ಪುಡಿ, ಮೊಸರು ಜಾಸ್ತಿ ಕೊಡಿ. ಶೇಂಗಾ ಹಸನು ಮಾಡುವಾಗ ಮುದುಡಿದ್ದು, ಕಪ್ಪಾದದ್ದು, ಮುಗ್ಗಲು ವಾಸನೆ ಬರುವುದನ್ನು ಎಸೆಯಿರಿ. ಅದರಲ್ಲಿರುವ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಇಡೀ ಶೇಂಗಾ, ಇಡೀ ಪುಟಾಣಿ, ಇಡೀ ದ್ರಾಕ್ಷಿ ಇವು ನಿಮ್ಮ ಕೂಸಿನ ಮನೆಯ ಹೊಸ್ತಿಲ ಒಳಗೇ ಬರಬಾರದು. ಓಡುತ್ತಾ ನಗುತ್ತಾ ತಿಂದಾಗ ಒಂದು ಕಾಳು ಉಸಿರಿನ ದಾರಿಗೆ ಇಳಿದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗುವುದಿಲ್ಲ. ಮಕ್ಕಳ ಜೇಬನ್ನು ಬೆಳಿಗ್ಗೆಯೇ ಒಮ್ಮೆ ನೋಡಿ. ಅಜ್ಜಿ ಪ್ರೀತಿಯಿಂದ ಹಾಕಿ ಕಳಿಸಿರುತ್ತಾಳೆ.

ಬಿಸ್ಕತ್ತಿನ ಬದಲು ಪುಟಾಣಿ ಹಿಟ್ಟು ಇರಲಿ. ಎರಡು ಪಾಲು ಹುರಿದ ರಾಗಿ, ಒಂದು ಪಾಲು ಪುಟಾಣಿ, ಅರ್ಧ ಪಾಲು ಶೇಂಗಾ ಬೀಸಿ ಡಬ್ಬಿಯಲ್ಲಿಡಿ. ಬಿಸಿ ಹಾಲಲ್ಲೋ ಕುದಿದ ನೀರಲ್ಲೋ ಕಲಸಿದರೆ ಎರಡು ನಿಮಿಷಕ್ಕೆ ತಿಂಡಿ. ಬಾಳೆಹಣ್ಣು ಹಿಚುಕಿ ಸೇರಿಸಿದರೆ ಸಿಹಿಯೂ ಬಂತು. ಪಪ್ಪಾಯ ಸಿಗುವ ಕಾಲದಲ್ಲಿ ಪಪ್ಪಾಯ.

ಈ ಡಬ್ಬಿ ನಿಮ್ಮ ಬೇಸಿಗೆಯ ಪ್ರಶ್ನೆಗೂ ಉತ್ತರ. ರಾಯಚೂರು ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಂದ ಅನ್ನ, ನುಚ್ಚು ಎರಡು ಗಂಟೆಗಿಂತ ಹೊರಗೆ ಇರಬಾರದು ಅನ್ನುವುದು ಸಾಮಾನ್ಯ ಲೆಕ್ಕ. ಹವೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ಸೂಕ್ಷ್ಮಾಣು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆ ಬರದಿದ್ದರೂ ಕೆಟ್ಟಿರಬಹುದು. ಅದಕ್ಕೆ ಮಧ್ಯಾಹ್ನದ್ದನ್ನು ಸಂಜೆಗೆ ಇಡಲೇಬೇಡಿ. ಮಾಡಿದ್ದು ಅಲ್ಲೇ ಮುಗಿಯಲಿ, ಸಂಜೆಗೆ ಡಬ್ಬಿಯ ಹಿಟ್ಟು, ಹಣ್ಣು. ತಡವಾಗಿ ಎದ್ದ ಕೂಸಿಗೆ ಅಂತ ತೆಗೆದಿಡುವುದಾದರೆ ಮುಚ್ಚಳದ ಹಾಟ್‌ಬಾಕ್ಸಿನಲ್ಲಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ಹಾಕಿ.

ಇನ್ನು ನೀರು. ಇದನ್ನು ಯಾರೂ ಕೇಳುವುದಿಲ್ಲ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಸೀಮೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಅಡುಗೆಗೆ ಬೋರಿನ ನೀರು ಹಾಕುವ ಕೇಂದ್ರಗಳನ್ನು ನಾನು ನೋಡಿದ್ದೇನೆ. ಮಕ್ಕಳ ಹೊಟ್ಟೆಗೆ ಎರಡೂ ಒಂದೇ ಅಲ್ವಾ? ನಿಮ್ಮ ಊರಿಗೆ ಕಾಲುವೆ ಕೆರೆಯ ನೀರು ಬರುತ್ತಿದ್ದರೆ ಸೋಸಿ ಕುದಿಸಿದರೆ ಆಯಿತು. ಬೋರಿನದಾದರೆ ನೀರಿನ ಪರೀಕ್ಷೆಯ ಚೀಟಿಯನ್ನು ಪಂಚಾಯಿತಿಯಲ್ಲಿ ಕೇಳಿ ನೋಡಿ.

ಕೈ ತೊಳೆಯುವುದು, ಸೋಪು, ಇವೆಲ್ಲ ನಿಮಗೆ ತರಬೇತಿಯಲ್ಲಿ ಹೇಳಿರುತ್ತಾರೆ. ಒಂದೇ ಮಾತು: ಕೂಸಿನ ಹೇಲು ತೊಳೆದವರು ಅವತ್ತು ತಿನ್ನಿಸುವ ಕೆಲಸ ಮಾಡದೆ ಇನ್ನೊಬ್ಬರಿಗೆ ಬಿಟ್ಟರೆ ಒಳ್ಳೆಯದು. ನೀವು ಇಬ್ಬರಿದ್ದೀರಿ, ಆಗುತ್ತದೆ. ಭೇದಿ ಶುರುವಾದ ಕೂಸಿಗೆ ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಕಲಸಿ ಚಮಚದಲ್ಲಿ ಕೊಡುತ್ತಾ, ಆಶಾ ಅವರಿಗೆ ಹೇಳಿ ಕಳಿಸಿ. ಊಟ ನಿಲ್ಲಿಸಬೇಡಿ.

ಕೊನೆಗೆ ಬಾಯಿ ತೆರೆಯದ ಆ ಹುಡುಗಿ. ನಿಮ್ಮ ಪತ್ರ ಓದಿದಾಗಿಂದ ನನ್ನ ಮನಸ್ಸು ಅಲ್ಲೇ ಇದೆ. ಹತ್ತು ತಿಂಗಳ ಕೂಸು ಹೊಸ ಮುಖ ಕಂಡರೆ ಹೆದರುವ ವಯಸ್ಸು. ತಾಯಿ ಬಿಟ್ಟು ಹೋದ ಮನೆಯಲ್ಲಿ, ಗುರುತಿಲ್ಲದ ಕೈ ಚಮಚ ಹಿಡಿದು ಬಂದರೆ ಅದು ಬಾಯಿ ಮುಚ್ಚುತ್ತದೆ. ಮೂಗು ಹಿಡಿದು ಹಾಕುವುದು, ತೊಡೆ ಮೇಲೆ ಮಲಗಿಸಿ ಸುರಿಯುವುದು ಮಾಡಬೇಡಿ, ಗಂಟಲಿಗೆ ಅಡರುತ್ತದೆ. ನಿಮ್ಮಿಬ್ಬರಲ್ಲಿ ಒಬ್ಬರೇ ಅವಳನ್ನು ದಿನಾ ತಿನ್ನಿಸಿ. ಬೇರೆ ಮಕ್ಕಳ ಸಾಲಿನಲ್ಲೇ ಕೂರಿಸಿ, ಅವಳಿಗೆ ಅವಳದೇ ವಾಟಿ ಕೊಡಿ. ಕೈ ಹಾಕಲಿ, ಮುಖಕ್ಕೆ ಬಳಿದುಕೊಳ್ಳಲಿ. ಅವಳ ಕಣ್ಣು ನೋಡುತ್ತಾ ಮಾತಾಡಿಸಿ, ನೀವೂ ಒಂದು ತುತ್ತು ತಿನ್ನಿ. ಬಾಯಿ ತೆರೆದಾಗ ಅರ್ಧ ಚಮಚ. ಮುಖ ತಿರುಗಿಸಿದರೆ ನಿಲ್ಲಿಸಿ, ಒಂದು ಗಂಟೆ ಬಿಟ್ಟು ಮತ್ತೆ. ಹೊಸ ರುಚಿಯನ್ನು ಕೂಸು ಒಪ್ಪಲು ಎಂಟು ಹತ್ತು ಸಲವೂ ಬೇಕಾಗುತ್ತದೆ. ಎರಡು ವಾರ ತಾಳಿ. ತಾಯಿಯ ಒಂದು ಹಳೆ ಸೀರೆ ತರಿಸಿ ಅವಳ ಹತ್ತಿರ ಹಾಸಿ, ಆ ವಾಸನೆಗೆ ಕೆಲವು ಕೂಸುಗಳು ಸಮಾಧಾನವಾಗುತ್ತವೆ.

ಆದರೆ ಇದಕ್ಕೂ ಮೊದಲು, ನಾಳೆಯೇ, ಅಂಗನವಾಡಿಯಿಂದ ತೋಳಿನ ಅಳತೆ ಪಟ್ಟಿ ತನ್ನಿ. ಎಡ ತೋಳಿನ ನಡುವೆ, ಬಿಗಿಯದೆ ಸುತ್ತಿ ನೋಡಿ. 12.5 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಮೇಲೆ ಹೇಳಿದ ಹಾಗೆ ಮಾಡಿ. 11.5ರಿಂದ 12.5ರ ನಡುವೆ ಬಂದರೆ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ಪ್ರತಿ ವಾರ ತೂಕ ಹಾಕಿಸಿ. 11.5ಕ್ಕಿಂತ ಕಡಿಮೆ ಬಂದರೆ, ಅಥವಾ ಎರಡೂ ಪಾದಗಳಲ್ಲಿ ಬಾವು ಇದ್ದರೆ, ಒಂದು ದಿನವೂ ಕಾಯಬೇಡಿ. ತಾಯಿಯ ಜೊತೆ ಕೂಸನ್ನು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿ. ಕೂಲಿ ಹೋಗುತ್ತದೆ ಅಂತ ತಾಯಿ ಹಿಂಜರಿಯಬಹುದು. ಹೋಗುವ ಮೊದಲು ಆಶಾ ಅವರನ್ನು ಮನೆಗೆ ಕರೆದುಕೊಂಡು ಹೋಗಿ, ಅತ್ತೆಯ ಎದುರೇ ಕುಳಿತು ಮಾತಾಡಿ, ಅಲ್ಲಿ ತಾಯಿಗೂ ಊಟ ಕೊಡುತ್ತಾರೆ ಅನ್ನುವುದನ್ನು ಹೇಳಿ. ಅಳತೆ ನೋಡಿದ ಮೇಲೆ ನನಗೆ ಬರೆಯಿರಿ. ಅಂಕಿ ಒಂದು ಬರೆದರೂ ಸಾಕು.